ಕೋಟೆ ಖಾಲಿಯಾಗದೆ ರುಜುವಿಲ್ಲ

ಅಮೆರಿಕದ ಲಕೋಟಾ ಬುಡಕಟ್ಟಿನ ಮುಖಂಡ ರೆಡ್ ಕ್ಲೌಡ್, ಎಂದರೆ ಕೆಂಪು ಮೋಡ. ಮೊಂಟಾನಾದ ಚಿನ್ನದ ಗಣಿಗಳಿಗೆ ಹೋಗುವ ಬೋಜ್‌ಮನ್ ದಾರಿ ಆತನ ಜನರ ಬೇಟೆಯ ನೆಲವನ್ನು ಸೀಳಿತ್ತು. 1866ರಲ್ಲಿ ಮಾತುಕತೆ ನಡೆಯುತ್ತಿದ್ದಾಗಲೇ ಅಲ್ಲಿ ಕೋಟೆ ಕಟ್ಟಲು ಸೈನ್ಯ ಬಂತು. ರೆಡ್ ಕ್ಲೌಡ್ ಸಭೆಯಿಂದ ಎದ್ದು ನಡೆದ. ಡಿಸೆಂಬರಿನ ಕಾಳಗದಲ್ಲಿ ಫೆಟರ್‌ಮನ್ ಸೇರಿ 81 ಮಂದಿಯ ದಂಡಿನಲ್ಲಿ ಒಬ್ಬನೂ ಉಳಿಯಲಿಲ್ಲ.

1868ರಲ್ಲಿ ಸರ್ಕಾರ ಸಂಧಿಗೆ ಬಂತು. ಕೋಟೆಗಳಿಂದ ಸೈನ್ಯ ಹೊರಡುವ ತನಕ ಆತ ರುಜು ಹಾಕಲಿಲ್ಲ. ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಲಕೋಟಾ ಜನರದ್ದೆಂದು ಕಾಗದವಾಯಿತು.

1874ರಲ್ಲಿ ಆ ಬೆಟ್ಟಗಳಲ್ಲಿ ಚಿನ್ನ ಕಂಡಿತು. 1877ರಲ್ಲಿ ಸರ್ಕಾರ ಅವನ್ನು ಕಿತ್ತುಕೊಂಡಿತು. ಪರಿಹಾರ ಕೊಡಬೇಕೆಂದು 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಹಣವನ್ನು ಅವರು ಮುಟ್ಟಿಲ್ಲ. ಇಂದಿಗೂ ಕೇಳುತ್ತಿರುವುದು ಬೆಟ್ಟಗಳನ್ನೇ.