ಹಗೇವು, ಅಕ್ಕಡಿ ಮತ್ತು ಅಜ್ಜಿಯ ಬೀಜದ ಮಡಕೆ

1800ರ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮದ್ರಾಸಿನಿಂದ ಮೈಸೂರು ಸೀಮೆಗೆ ಹೊರಟ. ಟಿಪ್ಪು ಮಡಿದು ಒಂದು ವರ್ಷವಾಗಿತ್ತು. ಆ ನಾಡಿನ ಬೇಸಾಯ ಹೇಗಿದೆ ಎಂದು ನೋಡಿ ಬರೆಯಲು ಈಸ್ಟ್ ಇಂಡಿಯಾ ಕಂಪನಿಯವರು ಅವನನ್ನು ಕಳುಹಿಸಿದ್ದರು. ದಾರಿಯಲ್ಲಿ ಅವನು ನೋಡಿದ ಚೆಂಬರಂಬಾಕ್ಕಂ ಕೆರೆ, ಅಂಬತ್ತೂರಿನ ನಮಗೂ ಮಳೆಗಾಲ ಬಂತೆಂದರೆ ನೆನಪಾಗುವ ಕೆರೆಯೇ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ರಾಗಿ ಹೊಲಗಳ ವಿವರ ಓದಿದಾಗ, ಕೋಲಾರದ ಕಡೆಯ ನಮ್ಮಜ್ಜಿಯ ಹೊಲವೇ ಕಣ್ಣಿಗೆ ಕಟ್ಟಿತು.

ನಮ್ಮ ಹಿರಿಯರು ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ಕೆಲವು ಸಾಲು ರಾಗಿಯಾದ ಮೇಲೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆ ಇಬ್ಬನಿಯಲ್ಲೇ ಕಾಯಿ ಬಿಡುತ್ತಿತ್ತು. ಮುದ್ದೆ, ಸಾರು, ಒಗ್ಗರಣೆ, ಎಣ್ಣೆ ಎಲ್ಲವೂ ಒಂದೇ ಹೊಲದಲ್ಲಿ. ಬೇಳೆಕಾಳಿನ ಗಿಡಗಳ ಬೇರುಗಂಟು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತದೆ ಎಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ತೋರಿಸಿದ್ದು 1880ರ ದಶಕದಲ್ಲಿ. ಕಾರಣ ಗೊತ್ತಿಲ್ಲದಿದ್ದರೂ ಫಲ ನಮ್ಮವರಿಗೆ ಗೊತ್ತಿತ್ತು.

ಮಣ್ಣಿನ ಉಳಿದ ಆರೈಕೆ ಹೆಚ್ಚಾಗಿ ಹೆಂಗಸರದೇ. ಬೆಳಗಾದರೆ ಕೊಟ್ಟಿಗೆ ಬಾಚಿ, ಸಗಣಿ, ಕಸ, ಒಲೆಯ ಬೂದಿಯನ್ನು ತಿಪ್ಪೆಗೆ ಹೊತ್ತು ಹಾಕುವುದು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡು ಹೊಲಕ್ಕೆ ಹೋಗುತ್ತಿತ್ತು. ಹೊಲಕ್ಕೆ ಸತ್ವ, ಕೆರೆಗೆ ಹೂಳೆತ್ತಿದ ಲಾಭ. ಬೀಜವಂತೂ ಅಜ್ಜಿಯ ಜವಾಬ್ದಾರಿ. ಒಳ್ಳೆಯ ಕಾಯಿ ಆರಿಸಿ, ಒಣಗಿಸಿ, ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿ ಬಾಯಿ ಕಟ್ಟುತ್ತಿದ್ದರು. ಎಷ್ಟೇ ಕಷ್ಟ ಬಂದರೂ ಆ ಮಡಕೆಗೆ ಕೈ ಹಾಕುವಂತಿರಲಿಲ್ಲ.

ಮಿಕ್ಕ ರಾಗಿ ಹಗೇವಿಗೆ. ನೆಲದೊಳಗೆ ತೋಡಿದ, ಬಾಯಿ ಕಿರಿದಾದ ಕಣಜ ಅದು. ಸುತ್ತ ಹುಲ್ಲು ಹೊದಿಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು, ಅದು ಆರಿದರೆ ಕಾಯುತ್ತಿದ್ದರು.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನುವಂತಿಲ್ಲ. 1876–78ರ ಮಹಾ ಬರದಲ್ಲಿ ಈ ಅಕ್ಕಡಿಯೂ ಹಗೇವೂ ಸಾಲಲಿಲ್ಲ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮನೆಯ ತಿಳಿವಳಿಕೆ ಒಂದು ಕೆಟ್ಟ ವರ್ಷವನ್ನು ದಾಟಿಸಬಲ್ಲದು. ಮೇಲಿಂದ ಮೇಲೆ ಮಳೆ ಹೋದರೆ ಊರಿಗೆ ಕೆರೆ ಬೇಕು, ಸರ್ಕಾರದ ನೆರವೂ ಬೇಕು.

ನಮ್ಮ ಮನೆಯ ಕಥೆ ಬೇರೆ. ಬರದಿಂದಲ್ಲ, ನಮ್ಮ ಕೈಯಿಂದಲೇ ಕಳೆದುಕೊಂಡೆವು. 1980ರ ದಶಕದಲ್ಲಿ ಸುತ್ತಲಿನವರಂತೆ ನಮ್ಮ ತಾತನೂ ರಾಗಿ ಹೊಲಕ್ಕೆ ನೀಲಗಿರಿ ಹಾಕಿದರು. ಕೂಲಿ ಖರ್ಚಿಲ್ಲ, ಮರ ಮಾರಿದರೆ ಕೈಗೆ ಕಾಸು. ಅದರಿಂದಲೇ ಅಪ್ಪ ಓದಿದರು, ನಾನು ಎಂ.ಟೆಕ್ ಮಾಡಿದ್ದಕ್ಕೂ ಅದೇ ಬುನಾದಿ. ಆದರೆ ಬಿತ್ತದೆ ಉಳಿದ ಮಡಕೆಯ ಅವರೆ ಮುಗ್ಗಲಾಯಿತು. ಆ ತಳಿ ಈಗ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ದತ್ತಾಂಶಕ್ಕೆ ಬ್ಯಾಕಪ್ ಇಡುವ ಕೆಲಸ ಮಾಡುವ ನನಗೆ ಇದು ಇಂದಿಗೂ ಚುಚ್ಚುತ್ತದೆ.

1964ರಲ್ಲಿ ಕೈಗಾರಿಕಾ ವಸಾಹತು ಬಂದ ನಮ್ಮ ಅಂಬತ್ತೂರಿನಲ್ಲಿ ಹೊಲವಿಲ್ಲ, ಮಹಡಿಯಿದೆ. ತರಕಾರಿ ಸಿಪ್ಪೆ ಕೊಳೆಸುವ ಡ್ರಮ್ಮೇ ನನ್ನ ತಿಪ್ಪೆ. ಸೋದರಿಯರೇ, ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರಿಂದ ಒಂದು ಹಿಡಿ ಬೀಜ ಕೇಳಿ ತನ್ನಿ. ಯಾವ ಊರಿನದು, ಯಾರ ಕೈಯದು ಎಂದು ಚೀಟಿ ಬರೆದಿಡಿ. ಒಂದಷ್ಟು ಬಿತ್ತಿ, ಒಂದಷ್ಟು ಪಕ್ಕದ ಮನೆಯವರಿಗೆ ಕೊಡಿ. ಒಂದೇ ಮಡಕೆಯಲ್ಲಿ ಇಟ್ಟ ಬೀಜ ಏನಾಯಿತೆಂದು ನಾನು ಬಲ್ಲೆ.