ಗಂಗಾಳದ ದುಂಡಾಕೃತಿ: ಒಂದು ವಿವೇಚನೆ

ಉತ್ತರ ಕರ್ನಾಟಕದಿಂದ ಬಂದು ಪುಣೆಯ ಭೋಸರಿಯಲ್ಲಿ ನೆಲಸಿದ ಗೃಹಿಣಿಯೊಬ್ಬಳು ಪಾತ್ರೆಯಂಗಡಿಯಲ್ಲಿ ‘ಗಂಗಾಳ’ ಬೇಕೆಂದರೆ, ಮರಾಠಿ ವರ್ತಕನು ಸ್ನಾನದ ನೀರಿಗಾಗಿ ಬಳಸುವ ಅಗಲಬಾಯಿಯ ತಾಮ್ರದ ಪಾತ್ರೆಯನ್ನು ಮುಂದಿಡುವುದು ಸಹಜ. ಆಕೆ ಕೇಳಿದ್ದಾದರೋ ಉಣ್ಣುವ ತಟ್ಟೆಯನ್ನು. ಒಂದೇ ಹೆಸರು ಎರಡು ನುಡಿಗಳಲ್ಲಿ ಎರಡು ಬಗೆಯ ಪಾತ್ರೆಗಳಿಗೆ ನಿಂತಿದೆ. ಆದರೆ ಗಮನಾರ್ಹವಾದ ಸಂಗತಿಯೆಂದರೆ, ಎರಡೂ ದುಂಡಾಗಿಯೇ ಇವೆ. ನುಡಿಯ ಗಡಿಯಲ್ಲಿ ಅರ್ಥ ಬದಲಾದರೂ ಆಕಾರ ಬದಲಾಗಲಿಲ್ಲ. ಇದಕ್ಕೆ ಕಾರಣವೇನು?

ಕುಂಬಾರನ ತಿಗರಿಯೇ ಕಾರಣವೆಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ತಿರುಗುವ ಚಕ್ರದ ಮೇಲೆ ಹುಟ್ಟಿದ್ದು ದುಂಡಾಗಿರಲೇಬೇಕಷ್ಟೆ. ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ನೆಲ ಈ ಉತ್ತರವನ್ನು ಪೂರ್ಣವಾಗಿ ಒಪ್ಪುವುದಿಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿ ನಡೆಸಿದ ಉತ್ಖನನದಲ್ಲಿ ಒಂದರ ಮೇಲೊಂದಾಗಿ ಮೂರು ಸಂಸ್ಕೃತಿಗಳ ಸ್ತರಗಳು ಕಂಡುಬಂದವು. ಕೆಳಗಿನದು ಕಲ್ಲುಕೊಡಲಿಯ ಜನರದು; ಅವರ ಮಡಕೆಗಳು ಬಹುಮಟ್ಟಿಗೆ ಕೈಯಿಂದಲೇ ಮಾಡಿದವು. ಅದರ ಮೇಲಿನದು ಬೃಹತ್ ಶಿಲಾಸಮಾಧಿಗಳ ಜನರದು. ಅವರ ಕಪ್ಪು-ಕೆಂಪು ಪಾತ್ರೆಗಳಲ್ಲಿ ನಿಧಾನವಾಗಿ ತಿರುಗುವ ಚಕ್ರದ ಗುರುತುಗಳಿವೆ. ವೇಗದ ತಿಗರಿಯ ಪಾತ್ರೆಗಳು ದೊರೆತದ್ದು ಮೂರನೆಯ ಸ್ತರದಲ್ಲಿ. ಚಕ್ರವರಿಯದ ಮೊದಲ ಜನರ ಮಡಕೆಗಳೂ ದುಂಡಾಗಿಯೇ ಇದ್ದವು. ಎಂದ ಮೇಲೆ ತಿಗರಿ ದುಂಡನ್ನು ಹುಟ್ಟಿಸಲಿಲ್ಲ. ಮೊದಲೇ ಇದ್ದ ದುಂಡನ್ನು ಶೀಘ್ರವೂ ಸಮವೂ ಆಗಿಸಿತು, ಅಷ್ಟೆ.

ಹಾಗಾದರೆ ಮೂಲಕಾರಣವನ್ನು ವಸ್ತುವಿನ ಸ್ವಭಾವದಲ್ಲಿಯೇ ಅರಸಬೇಕಾಗುತ್ತದೆ. ಹಸಿಮಣ್ಣು ಒಣಗುವಾಗ ಕುಗ್ಗುತ್ತದೆ. ಮೂಲೆಯಿದ್ದಲ್ಲಿ ಆ ಎಳೆತವೆಲ್ಲ ಅಲ್ಲಿಯೇ ಕೂಡಿ ಬಿರುಕು ಬಿಡುತ್ತದೆ. ದುಂಡು ಅಂಚಿನಲ್ಲಿ ಅದು ಸುತ್ತಲೂ ಹಂಚಿಹೋಗುತ್ತದೆ. ಇದಲ್ಲದೆ, ಸಮಾನವಾದ ಸುತ್ತಳತೆಯೊಳಗೆ ಅತ್ಯಧಿಕ ವಿಸ್ತಾರವನ್ನು ಹಿಡಿಯುವ ಆಕೃತಿ ವೃತ್ತವೇ ಆಗಿದೆ. ರೇಖಾಗಣಿತ ಹುಟ್ಟುವುದಕ್ಕೆ ಮೊದಲೇ ಕೈ ಈ ಸತ್ಯವನ್ನು ಅರಿತಿತ್ತು. ಮುತ್ತುಗದ ಪತ್ರಾವಳಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ನಡುವೆ ಒಂದೆಲೆಯನ್ನಿಟ್ಟು, ಅದರ ಸುತ್ತ ಉಳಿದವನ್ನು ಕಡ್ಡಿಯಿಂದ ಚುಚ್ಚುತ್ತ ಹೋದಂತೆ ತಟ್ಟೆ ತಾನಾಗಿಯೇ ದುಂಡಾಗುತ್ತದೆ. ಅಲ್ಲಿ ತಿಗರಿಯೂ ಇಲ್ಲ, ಅಚ್ಚೂ ಇಲ್ಲ.

ಲೋಹದ ವಿಷಯವೂ ಇದಕ್ಕೆ ಭಿನ್ನವಲ್ಲ. ಕಾಯಿಸಿದ ಲೋಹದ ಬಿಲ್ಲೆಯನ್ನು ನಡುವಿನಿಂದ ಹೊರಕ್ಕೆ ಬಡಿಯುತ್ತ ಹೋದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ತವರದ ಪಾಲು ಸುಮಾರು ಶೇಕಡಾ 22ರಷ್ಟಿರುವ ಕಂಚು ತಣ್ಣಗಿರುವಾಗ ಏಟಿಗೆ ಒಡೆಯುತ್ತದೆ. ಕೆಂಪಗೆ ಕಾದಾಗ ಮಾತ್ರ ಬಗ್ಗುತ್ತದೆ. ಇಂತಹ ಮೊಂಡು ಲೋಹಕ್ಕೆ ಮೂಲೆ ತೆಗೆಯುವ ಸಾಹಸವನ್ನು ಕಂಚುಗಾರನು ಏಕೆ ಮಾಡಿಯಾನು? ಪುಣೆಯ ಕಸಬಾ ಪೇಠೆಯಲ್ಲಿ ಪೇಶ್ವೆಗಳ ಕಾಲದಿಂದ ನೆಲಸಿರುವ ತಾಂಬಟರು ತಾಮ್ರದ ಪಾತ್ರೆಗೆ ಕೊನೆಯಲ್ಲಿ ಸಾಲುಸಾಲಾಗಿ ಸುತ್ತಿಗೆಯ ಏಟು ಕೊಟ್ಟು ಗಟ್ಟಿಗೊಳಿಸುತ್ತಾರೆ. ಮರಾಠಿಯ ಆ ಗಂಗಾಳವೂ ಅವರ ಕೈಕೆಲಸವೇ. ಪಾತ್ರೆಯನ್ನು ತಿರುಗಿಸುತ್ತ ಬಡಿಯುವ ಕೈಗೆ ದುಂಡಾಕೃತಿಯೊಂದೇ ಅಡೆತಡೆಯಿಲ್ಲದ ದಾರಿ.

ವಸ್ತು ಬೇರೆಯಾದಲ್ಲಿ ಆಕಾರವೂ ಬೇರೆಯಾಯಿತೆಂಬುದು ಇದಕ್ಕೆ ಇನ್ನೊಂದು ಆಧಾರ. ಮಧ್ಯಯುಗದ ಯುರೋಪಿನಲ್ಲಿ ಒಣರೊಟ್ಟಿಯ ದಪ್ಪ ಹೋಳೇ ಊಟದ ತಟ್ಟೆಯಾಗಿತ್ತು. ಅದರ ಸ್ಥಾನಕ್ಕೆ ಮರದ ತುಂಡು ಬಂದಾಗ, ಹಲಗೆಯಿಂದ ಕೊಯ್ದದ್ದು ಚೌಕವಾಯಿತು, ಚರಕಿಯ ಮೇಲೆ ಕಡೆದದ್ದು ದುಂಡಾಯಿತು. ನಮ್ಮ ಬಾಳೆಯೆಲೆ ನೀಳವಾಗಿದೆ. ತುದಿ ಎಡಕ್ಕಿರಬೇಕು, ಉಪ್ಪು, ಕೋಸಂಬರಿ, ಪಲ್ಯಗಳಿಗೆ ಗೊತ್ತಾದ ಸ್ಥಳವಿರಬೇಕು ಎಂಬ ಕ್ರಮವು ಎಲೆಗೆ ಎಡಬಲಗಳಿರುವುದರಿಂದಲೇ ಸಾಧ್ಯವಾಗಿದೆ. ದುಂಡು ಗಂಗಾಳಕ್ಕೆ ತಲೆಯೂ ಇಲ್ಲ, ತುದಿಯೂ ಇಲ್ಲ. ಹೇಗೆ ಇಟ್ಟರೂ ಅದು ನೇರವೇ.

ಭೋಸರಿಯ ಇಂದಿನ ಯಂತ್ರಶಾಲೆಗಳ ದೃಷ್ಟಿಯಿಂದ ಈ ಪ್ರಶ್ನೆ ಹೊಸ ರೂಪ ತಾಳುತ್ತದೆ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಸ್ಥಾಪಿತವಾದ ಮೇಲೆ ಈ ಹಳ್ಳಿಯ ಹೊಲಗಳು ಕ್ರಮೇಣ ಕಾರ್ಖಾನೆಗಳ ಪ್ರದೇಶವಾದವು. ಇಲ್ಲಿ ಉಕ್ಕು ಬರುವುದು ಹಾಳೆಯಾಗಿ. ಚೌಕಗಳಾಗಿ ಗುರುತಿಸಿದ ಹಾಳೆಯಿಂದ ವೃತ್ತಗಳನ್ನು ಕತ್ತರಿಸಿದರೆ ಶೇಕಡಾ 21.5ರಷ್ಟು ಉಕ್ಕು ಚೂರಾಗಿ ಉಳಿಯುತ್ತದೆ. ಸಾಲುಗಳನ್ನು ಹೆಣೆದಂತೆ ಜೋಡಿಸಿದರೂ ಸುಮಾರು ಶೇಕಡಾ 9ರಷ್ಟು ನಷ್ಟ ತಪ್ಪದು. ಬರಿಯ ಲೆಕ್ಕಪತ್ರವನ್ನು ನೋಡುವವನು ಚೌಕ ತಟ್ಟೆಯನ್ನೇ ಮೆಚ್ಚಿಯಾನು. ಆದರೆ ಅಚ್ಚಿನೊಳಗೆ ಒತ್ತುವಾಗ ದುಂಡು ಹಾಳೆ ಸುತ್ತಲಿಂದಲೂ ಸಮನಾಗಿ ಒಳಸರಿಯುತ್ತದೆ; ಚೌಕದ ಮೂಲೆಗಳಲ್ಲಿ ಲೋಹ ದಟ್ಟೈಸಿ ಸುಕ್ಕುಗಟ್ಟುತ್ತದೆ, ಇಲ್ಲವೆ ಹರಿಯುತ್ತದೆ. ಕಾರ್ಖಾನೆಯ ಊಟದ ಮನೆಗಳಲ್ಲಿ ಬಳಸುವ ಆಯತಾಕಾರದ, ಗುಳಿಗಳಿರುವ ತಟ್ಟೆಗಳ ಮೂಲೆಗಳನ್ನೂ ದುಂಡಗೆ ಮಾಡಿರುವುದನ್ನು ಗಮನಿಸಬೇಕು. ಮಣ್ಣಿಗೂ ಕಂಚಿಗೂ ಇದ್ದ ಕಟ್ಟಳೆಯೇ ಉಕ್ಕಿಗೂ ಉಂಟು.

ಶಾಸನಗಳು ದಾನಿಯ ಹೆಸರನ್ನು ಹೇಳುತ್ತವೆ, ಕಾವ್ಯಗಳು ಉಂಡವರ ವೈಭವವನ್ನು ಬಣ್ಣಿಸುತ್ತವೆ. ತಟ್ಟೆ ಮಾಡಿದವನ ಮಾತು ಎರಡರಲ್ಲಿಯೂ ವಿರಳ. ಅವನ ದಾಖಲೆ ತಟ್ಟೆಯ ಆಕಾರದಲ್ಲಿಯೇ ಉಳಿದಿದೆ. ಪದಗಳನ್ನು ಕೂಡಿಡುವ ನಾಡವರು ಗಂಗಾಳ, ತಾಟು, ತಳಿಗೆ, ಹರಿವಾಣ ಎಂಬ ಹೆಸರುಗಳ ಜೊತೆಗೆ ಅವುಗಳನ್ನು ಬಡಿದವರ ವಿದ್ಯೆಯನ್ನೂ ಬರೆದಿಡುವುದು ಅವಶ್ಯ. ಭೋಸರಿಯ ಕನ್ನಡ ಮನೆಗಳಲ್ಲಿ ಗಂಗಾಳವೆಂಬ ಮಾತು ಮುಂದಿನ ಪೀಳಿಗೆಗೆ ‘ತಾಟ’ವಾಗಿ ಮಾರ್ಪಡಬಹುದು. ಪದ ಮರೆಯಾದರೆ ಅದರೊಡನೆ ಹೋಗುವುದು ತಟ್ಟೆಯಲ್ಲ, ಅದರ ಚರಿತ್ರೆಯನ್ನು ಕನ್ನಡದಲ್ಲಿ ಕೇಳುವ ದಾರಿ.