ಹಳೆಯ ನಾಣ್ಯ: ಕೊಳ್ಳುವ ಮುನ್ನ ಓದಲು ಕಲಿಯಬೇಕು

ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದುಕೊಂಡ. ಆ ಸುದ್ದಿಯನ್ನು ಸಾರಲು ಆಗ ಪತ್ರಿಕೆಗಳಿರಲಿಲ್ಲ. ಆತ ಚಿನ್ನದ ನಾಣ್ಯದ ಒಂದು ಬದಿಗೆ ಸಿಂಹವನ್ನು, ಇನ್ನೊಂದು ಬದಿಗೆ ಕನ್ನಡ ಅಕ್ಷರಗಳಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಬಿರುದನ್ನು ಅಚ್ಚು ಹಾಕಿಸಿದ. ನಾಣ್ಯ ಕೈಯಿಂದ ಕೈಗೆ ಸಾಗಿದಂತೆ ಗೆಲುವಿನ ವಾರ್ತೆಯೂ ಸಾಗಿತು.

ನಾಣ್ಯ ಎಂದರೆ ಬರೀ ಹಣವಲ್ಲ, ಅಂಗೈಯಲ್ಲಿ ಹಿಡಿಯಬಹುದಾದ ಶಾಸನ. ನಾಣ್ಯ ಸಂಗ್ರಹಕ್ಕೆ ತೊಡಗುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಕಂಡದ್ದನ್ನೆಲ್ಲ ಕೊಳ್ಳುವುದು. ಅದರ ಬದಲು ಒಂದು ರಾಜವಂಶವನ್ನೋ ಒಂದು ಪ್ರದೇಶವನ್ನೋ ಆರಿಸಿಕೊಳ್ಳುವುದು ಲೇಸು. ಹೊಯ್ಸಳರ ಚಿನ್ನದ ನಾಣ್ಯ, ವಿಜಯನಗರದ ವರಾಹ ಎಲ್ಲರ ಕೈಗೆ ಎಟುಕುವಂಥವಲ್ಲ. ಮೈಸೂರಿನ ತಾಮ್ರದ ಕಾಸುಗಳು ಹಾಗಲ್ಲ. ಅವು ಪ್ರಾಚೀನವಲ್ಲದಿದ್ದರೂ ಕಲಿಕೆಗೆ ಒಳ್ಳೆಯ ಮೊದಲ ಪಾಠ. ಟಿಪ್ಪು ಸುಲ್ತಾನನ ಪೈಸೆಗಳ ಮೇಲೆ ಆನೆಯ ಚಿತ್ರವಿದೆ. ಇನ್ನೊಂದು ಬದಿಯಲ್ಲಿ ಟಂಕಸಾಲೆಯ ಹೆಸರು ಪರ್ಷಿಯನ್ ಲಿಪಿಯಲ್ಲಿದೆ. ‘ಪಟ್ಟಣ್’ ಎಂದರೆ ಶ್ರೀರಂಗಪಟ್ಟಣ, ‘ಫರ್ರುಖ್‌ಯಾಬ್ ಹಿಸಾರ್’ ಎಂದರೆ ಚಿತ್ರದುರ್ಗ. ಟಿಪ್ಪು ತನ್ನ ಆಳ್ವಿಕೆಯ ನಡುವೆ ಮೌಲೂದಿ ಶಕೆಯನ್ನು ಜಾರಿಗೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಾಣ್ಯದ ಮೇಲೆ 6121 ಎಂದು ಕಂಡರೆ ಅದನ್ನು 1216 ಎಂದು ಓದಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿ ಮೊದಲು ಆನೆ, ಆಮೇಲೆ ಸಿಂಹ ಬರುತ್ತದೆ. ಈ ಕಾಸುಗಳ ಮೇಲೆ ‘ಶ್ರೀ ಚಾಮುಂಡಿ’, ‘ಮಯಿಲಿ ಕಾಸು’ ಎಂಬ ಕನ್ನಡ ಬರಹಗಳನ್ನು ಕಾಣಬಹುದು. ಮೈಸೂರಿನ ಈ ನಾಣ್ಯ ಪರಂಪರೆ 1843ರಲ್ಲಿ ನಿಂತುಹೋಯಿತು.

ಅಸಲಿ, ನಕಲಿ

ಹಳೆಯ ಕಾಲದಲ್ಲಿ ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆದ್ದರಿಂದ ಚಿತ್ರ ಒಂದು ಬದಿಗೆ ಸರಿದಿರುವುದು, ಅಕ್ಷರ ಅರ್ಧಕ್ಕೆ ತುಂಡಾಗಿರುವುದು ಸಹಜ. ನಕಲಿ ನಾಣ್ಯಗಳಲ್ಲಿ ಅನೇಕವನ್ನು ಎರಕ ಹೊಯ್ದು ಮಾಡುತ್ತಾರೆ. ಅಂಥವುಗಳ ಅಂಚಿನ ಸುತ್ತ ಎರಕದ ಗೆರೆ, ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳು ಭೂತಗನ್ನಡಿಯಲ್ಲಿ ಕಾಣಿಸುತ್ತವೆ. ತೂಕವೂ ಒಂದು ಸಾಕ್ಷಿ. ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುತ್ತದೆ. ಬಹಳ ಕಡಿಮೆ ಅಥವಾ ಹೆಚ್ಚು ತೂಗಿದರೆ ಅನುಮಾನ ಪಡಬೇಕು.

ರಾಮಟಂಕಿಯ ವಿಷಯದಲ್ಲಂತೂ ಮೋಸ ಹೋಗುವವರು ಬಹಳ. ರಾಮ ಪಟ್ಟಾಭಿಷೇಕದ ಚಿತ್ರವಿರುವ ಇವು ಪೂಜೆಗೆಂದು ಮಾಡಿದವು. ಯಾವ ರಾಜನೂ ಚಲಾವಣೆಗೆ ತಂದ ಹಣವಲ್ಲ. ‘ಸಾವಿರಾರು ವರ್ಷ ಹಳೆಯದು’ ಎಂದು ದುಬಾರಿ ಬೆಲೆ ಹೇಳುವವರನ್ನು ನಂಬಬಾರದು.

ತಾಮ್ರ ಕಂಡರೆ ಹುಣಸೆಹಣ್ಣು ಹಾಕಿ ಉಜ್ಜುವುದು ನಮ್ಮ ಮನೆಗಳ ರೂಢಿ. ಚೊಂಬಿಗೆ ಅದು ಸರಿ, ನಾಣ್ಯಕ್ಕೆ ಸಲ್ಲದು. ಹುಳಿ ತಗುಲಿದರೆ ಶತಮಾನಗಳಿಂದ ಕಟ್ಟಿಕೊಂಡ ಕಪ್ಪು ಅಥವಾ ಹಸಿರು ಪದರ ಹೋಗುತ್ತದೆ. ಅದರೊಂದಿಗೆ ಸೂಕ್ಷ್ಮ ಅಕ್ಷರಗಳೂ ಬೆಲೆಯೂ ಹೋಗುತ್ತವೆ.

ಸಿಕ್ಕ ಜಾಗವೇ ಚರಿತ್ರೆ

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳು ದೊರೆತ ಆ ನೆಲೆಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿತು. ಆತ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹಾಗಾಗಿ ಆ ನಾಣ್ಯವಿದ್ದ ಮಣ್ಣಿನ ಪದರ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅದೇ ನಾಣ್ಯ ಸಂತೆಯಲ್ಲಿ ಮಾರಾಟಕ್ಕೆ ಬಂದಿದ್ದರೆ ಚಂದ್ರವಳ್ಳಿಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ.

ಮಹಾರಾಷ್ಟ್ರದ ಜೋಗಲ್‌ತೆಂಬಿಯಲ್ಲಿ 1906ರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅವು ಕ್ಷತ್ರಪ ನಹಪಾನನವು. ಅವುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳ ಮೇಲೆ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚನ್ನು ಮತ್ತೆ ಒತ್ತಿಸಿದ್ದ. ಯಾರು ಯಾರನ್ನು ಸೋಲಿಸಿದರು ಎಂಬುದಕ್ಕೆ ಬೇರೆ ಪುರಾವೆ ಬೇಕೆ? ಆ ನಿಧಿ ಅಕ್ಕಸಾಲಿಗರ ಕುಲುಮೆ ಸೇರಿದ್ದರೆ ಈ ಸಾಕ್ಷಿಯೂ ಕರಗಿಹೋಗುತ್ತಿತ್ತು.

ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನಿನ ಹಿಂದಿರುವ ಅರ್ಥ ಇದೇ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯಗಳು ಪ್ರಾಚ್ಯವಸ್ತುಗಳು. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಕೊಳ್ಳುವವರು ಮಾರುವವರಿಂದ ರಸೀದಿ ಪಡೆಯುವುದು ಕ್ಷೇಮ.

ಸಂಗ್ರಹ ಆರಂಭಿಸಲು ಭೂತಗನ್ನಡಿ, ಸಣ್ಣ ತಕ್ಕಡಿ, ಕಾಗದದ ಲಕೋಟೆ ಮತ್ತು ಒಂದು ನೋಟ್‌ಬುಕ್ ಸಾಕು. ಪ್ರತಿ ನಾಣ್ಯದ ತೂಕ, ಅಳತೆ, ಎಲ್ಲಿಂದ ಬಂತು, ಯಾವಾಗ ಬಂತು ಎಂಬುದನ್ನು ಅಂದೇ ಬರೆದಿಡಬೇಕು. ಸಂಗ್ರಹ ಮುಂದೆ ಮಕ್ಕಳ ಕೈಗೆ ಹೋದರೂ ವಸ್ತುಸಂಗ್ರಹಾಲಯಕ್ಕೆ ಹೋದರೂ ಆ ನಾಲ್ಕು ಸಾಲುಗಳು ನಾಣ್ಯದಷ್ಟೇ ಬೆಲೆಬಾಳುತ್ತವೆ.